ಒಬ್ಬನಿಗೆ ಒಂದೇ ಕೋಟೆ

ಮನುಷ್ಯನು ಕಠಿಣವಾದ ನಿಯಮಗಳನ್ನು ಪಾಲಿಸಬಲ್ಲನು. ಸರಳವಾದ ನಿಯಮಗಳ ಮುಂದೆ ಮಾತ್ರ ಅವನು ಸೋಲುತ್ತಾನೆ. ಮೊದಲ ಸಲ ಕೇಳಿದಾಗ ಈ ಮಾತು ವಿಪರೀತವೆಂದು ತೋರಬಹುದು. ಆದರೆ ಸುತ್ತಲಿನ ಜೀವನವನ್ನು ಕಣ್ತೆರೆದು ನೋಡುವವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಉತ್ತರ ಕರ್ನಾಟಕದ ಭಕ್ತರು ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು, ಕಾದ ನೆಲದ ಮೇಲೆ ನೂರಾರು ಮೈಲಿ ನಡೆದು ಶ್ರೀಶೈಲವನ್ನು ಸೇರುತ್ತಾರೆ. ಅಂಗಾಲಿನಲ್ಲಿ ಬೊಬ್ಬೆಯೆದ್ದರೂ ಹಿಡಿದ ವ್ರತವನ್ನು ಬಿಡುವುದಿಲ್ಲ. ಅಂಥ ದೃಢವ್ರತಿಯೇ ಗುಡಿಯ ಬಾಗಿಲಿಗೆ ಬಂದಾಗ, ಸಾಲಿನಲ್ಲಿ ತನಗಿಂತ ಮುಂದೆ ನಲವತ್ತು ಜನರಿರುವುದನ್ನು ಕಂಡೊಡನೆ, ಪರಿಚಯದವರು ಯಾರಾದರೂ ಮುಂದೆ ನಿಂತಿರುವರೇ ಎಂದು ಕತ್ತು ಚಾಚಿ ಹುಡುಕತೊಡಗುತ್ತಾನೆ. ನೂರಾರು ಮೈಲಿಯ ನಡಿಗೆ ಅವನಿಗೆ ಭಾರವಾಗಲಿಲ್ಲ. ನಲವತ್ತು ಜನರ ಹಿಂದೆ ನಿಲ್ಲುವುದು ಭಾರವಾಯಿತು. ಮೊದಲನೆಯದರಲ್ಲಿ ಕಷ್ಟವಿತ್ತು, ಆದರೆ ಆ ಕಷ್ಟ ಅವನದೇ ಆಗಿತ್ತು, ಅದರಿಂದ ಅವನಿಗೊಂದು ಹೆಸರೂ ಇತ್ತು. ಎರಡನೆಯದರಲ್ಲಿ ಕಷ್ಟವೇನೂ ಇಲ್ಲ. ಅಲ್ಲಿ ಅವನು ನಲವತ್ತೊಂದನೆಯವನು, ಅಷ್ಟೆ.

ಬೀದರಿನಿಂದ ಭಾಲ್ಕಿಗೋ ಔರಾದಿಗೋ ಹೊರಡುವ ಬಸ್ಸು ನಿಲ್ದಾಣಕ್ಕೆ ಬಂದು ತಿರುಗುವ ಹೊತ್ತಿನಲ್ಲಿ ಕಿಟಕಿಗಳ ಕಡೆಗೆ ಒಮ್ಮೆ ನೋಡಬೇಕು. ಬಸ್ಸು ಇನ್ನೂ ನಿಂತಿರುವುದಿಲ್ಲ. ದಸ್ತಿಗಳು, ಟವೆಲುಗಳು, ಕೈಚೀಲಗಳು, ಕೆಲವೊಮ್ಮೆ ಪುಟ್ಟ ಮಗುವೂ ಕಿಟಕಿಯೊಳಗಿಂದ ಒಳಸೇರಿ ಸೀಟು ಹಿಡಿದಾಗಿರುತ್ತದೆ. ಈ ದಸ್ತಿಯ ಶಾಸನವನ್ನು ಯಾವ ವಿಧಾನಸಭೆಯೂ ಅಂಗೀಕರಿಸಿಲ್ಲ. ಆದರೂ ಬಾಗಿಲಿನಿಂದ ಕ್ರಮವಾಗಿ ಹತ್ತಿ ಬಂದವನು ಆ ಬಟ್ಟೆಯ ತುಂಡನ್ನು ಕಂಡು ಹಿಂಜರಿಯುತ್ತಾನೆ. ಅದನ್ನು ಸರಿಸಿ ಕುಳಿತರೆ ಮುಂದಿನ ಊರಿನವರೆಗೆ ವಾಗ್ಯುದ್ಧ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂದು ನಿಮಿಷದ ಹಿಂದೆ ಆ ಸೀಟು ಯಾರದೂ ಆಗಿರಲಿಲ್ಲ, ಒಂದು ಗಂಟೆಯ ನಂತರ ಮತ್ತೆ ಯಾರದೂ ಆಗಿರುವುದಿಲ್ಲ. ನಡುವಿನ ಆ ಒಂದು ಗಂಟೆ ಮಾತ್ರ ಅದು ಪಿತ್ರಾರ್ಜಿತ ಆಸ್ತಿಯಾಗಿ ಬಿಡುತ್ತದೆ. ಇಬ್ಬರಿಗಾಗಿ ಮಾಡಿದ ಸೀಟಿನಲ್ಲಿ ಮೂರನೆಯವನಿಗೆ ಜಾಗ ಕೊಡುವಷ್ಟು ಉದಾರಿಯಾದವನು ಕೂಡ, ಅದೇ ಮೂರನೆಯವನು ಕೇಳದೆ ಕುಳಿತರೆ ಸಿಡಿದೇಳುತ್ತಾನೆ. ಅವನಿಗೆ ಬೇಕಾದುದು ಜಾಗವಲ್ಲ, ಜಾಗದ ಒಡೆತನವನ್ನು ಎದುರಿನವನು ಒಪ್ಪಿಕೊಳ್ಳುವುದು.

ಬಸ್ಸಿನ ಪ್ರಯಾಣಿಕನನ್ನು ನೋಡಿ ವಿದ್ಯಾವಂತರು ನಗುವ ಹಾಗಿಲ್ಲ. ಯಾವುದೇ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಗೋಡೆಯ ಬದಿಗೆ, ಗಾಳಿ ಬರುವ ಕಡೆಗೆ, ಒಂದು ಕುರ್ಚಿ ಇದ್ದೇ ಇರುತ್ತದೆ. ಅದರ ಮೇಲೆ ಯಾರ ಹೆಸರನ್ನೂ ಬರೆದಿರುವುದಿಲ್ಲ. ಹೊಸದಾಗಿ ನೇಮಕಗೊಂಡ ತರುಣ ಶಿಕ್ಷಕನೊಬ್ಬನು ಮೊದಲ ದಿನ ಏನೂ ಅರಿಯದೆ ಅದರಲ್ಲಿ ಕುಳಿತಾಗ ಕೊಠಡಿಯಲ್ಲಿ ಉಂಟಾಗುವ ಮೌನವನ್ನು ಅನುಭವಿಸಿದವರೇ ಬಲ್ಲರು. ಇಪ್ಪತ್ತೈದು ವರ್ಷಗಳಿಂದ ಆ ಕುರ್ಚಿಯಲ್ಲಿ ಕುಳಿತು ಬಂದ ಹಿರಿಯರು ಒಳಗೆ ಬಂದು, ಒಂದು ಕ್ಷಣ ನಿಂತು, "ಇರಲಿ ಬಿಡ್ರಿ, ಕೂಡ್ರಿ" ಎಂದು ಹೇಳುವ ಮಾತಿನಲ್ಲಿ ಎಷ್ಟು ಗಾಯವಿರುತ್ತದೆಂದರೆ ಆ ತರುಣನು ಮರುದಿನದಿಂದ ಬಾಗಿಲ ಬಳಿಯ ಬೆಂಚನ್ನೇ ಆರಿಸಿಕೊಳ್ಳುತ್ತಾನೆ. ತರಗತಿಯಲ್ಲಿ "ಯಾರು ಮೊದಲು ಬಂದರೋ ಅವರು ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿರಿ, ಜಗಳವಾಡಬೇಡಿರಿ" ಎಂದು ಹುಡುಗರಿಗೆ ಹೇಳಿಬಂದವರು ಆ ಹಿರಿಯರೇ.

ಇನ್ನು ವೇದಿಕೆಯ ವಿಚಾರ. ವಾರ್ಷಿಕೋತ್ಸವಗಳಲ್ಲಿ ಪ್ರತಿಯೊಬ್ಬ ಭಾಷಣಕಾರರಿಗೂ ಐದು ನಿಮಿಷವೆಂದು ನಿರೂಪಕರು ಕೈಜೋಡಿಸಿ ವಿನಂತಿಸುತ್ತಾರೆ. ಐದು ನಿಮಿಷವೆಂಬುದು ಅರ್ಥವಾಗದ ಪದವಲ್ಲ, ಗೋಡೆಯ ಮೇಲೆ ಗಡಿಯಾರವೂ ಇರುತ್ತದೆ. ಆದರೆ ಐದು ನಿಮಿಷ ಎಂಬ ನಿಯಮವು ಉಳಿದವರಿಗಾಗಿ ಮಾಡಿದ್ದೆಂದು ಪ್ರತಿಯೊಬ್ಬರೂ ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಮೊದಲ ಚೀಟಿ ಬಂದಾಗ ಅದನ್ನು ನೋಡದೆ ಮೇಜಿನ ಮೇಲಿಡುತ್ತಾರೆ. ಎರಡನೆಯ ಚೀಟಿ ಬಂದಾಗ, ಸಮಯದ ಅಭಾವದಿಂದ ಹೆಚ್ಚು ಹೇಳಲಾಗುತ್ತಿಲ್ಲವೆಂದು ವಿಷಾದಿಸಿ ಮತ್ತೆ ಹತ್ತು ನಿಮಿಷ ಹೇಳುತ್ತಾರೆ. ಮಠದ ದಾಸೋಹದ ಪಂಕ್ತಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಒಂದೇ ಬಗೆಯ ಅನ್ನವನ್ನು ಉಂಡು ಸಂತೋಷಪಟ್ಟ ಹತ್ತು ಜನ ಗಣ್ಯರನ್ನು ಒಂದು ಗಂಟೆಯ ನಂತರ ವೇದಿಕೆಯ ಮೇಲೆ ಕೂಡಿಸುವಾಗ, ಯಾರು ನಡುವೆ ಯಾರು ಅಂಚಿಗೆ ಎಂಬ ಪ್ರಶ್ನೆಗೆ ಕಾರ್ಯದರ್ಶಿಯು ಬೆವರು ಒರೆಸಿಕೊಳ್ಳಬೇಕಾಗುತ್ತದೆ. ಪಂಕ್ತಿಯಲ್ಲಿ ಆಗದ ಅವಮಾನ ವೇದಿಕೆಯ ಮೇಲೆ ಹೇಗೆ ಆಯಿತೆಂಬುದು ಯೋಚಿಸತಕ್ಕ ವಿಷಯ. ಪಂಕ್ತಿಗೆ ಕೊನೆ ಮೊದಲುಗಳಿದ್ದರೂ ಅವನ್ನು ಯಾರೂ ಎದುರು ಕುಳಿತು ನೋಡುತ್ತಿರುವುದಿಲ್ಲ.

ಈ ಸ್ವಭಾವದ ಬೇರು ಮನುಷ್ಯನಿಗಿಂತ ಹಳೆಯದು. ಡಚ್ ಮೂಲದ ಪ್ರಾಣಿವರ್ತನ ಶಾಸ್ತ್ರಜ್ಞ ನಿಕೊ ಟಿನ್‌ಬರ್ಗನ್ ಎಂಬವರು, ಕಾನ್ರಾಡ್ ಲಾರೆಂಜ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರೊಡನೆ 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು, ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮೀನುಗಳ ಮೇಲೆ ಒಂದು ಸರಳ ಪ್ರಯೋಗವನ್ನು ನಡೆಸಿದ್ದರು. ಗಾಜಿನ ತೊಟ್ಟಿಯ ಎರಡು ಕೊನೆಗಳಲ್ಲಿ ಎರಡು ಗಂಡು ಮೀನುಗಳು ಗೂಡು ಕಟ್ಟಿದ್ದವು. ಅವೆರಡನ್ನೂ ಬೇರೆ ಬೇರೆ ಗಾಜಿನ ನಳಿಗೆಗಳಲ್ಲಿ ಹಿಡಿದು ಮೊದಲನೆಯ ಮೀನಿನ ಗೂಡಿನ ಬಳಿಗೆ ಒಯ್ದಾಗ ಅದು ಗಾಜಿನ ಮೂಲಕವೇ ಎರಗಲು ಹವಣಿಸಿತು, ಎರಡನೆಯದು ಓಡಿಹೋಗಲು ಹೆಣಗಿತು. ಅವೇ ನಳಿಗೆಗಳನ್ನು ತೊಟ್ಟಿಯ ಇನ್ನೊಂದು ಕೊನೆಗೆ ಒಯ್ದಾಗ ಹೆದರಿದ ಮೀನು ವೀರನಾಯಿತು, ವೀರನಾಗಿದ್ದುದು ಹೇಡಿಯಾಯಿತು. ಮೀನುಗಳ ಬಲ ಬದಲಾಗಲಿಲ್ಲ, ನೆಲ ಬದಲಾಯಿತು. ಬೀದರ ಜಿಲ್ಲೆಯ ಬಯಲುಗಳಲ್ಲಿ ಕಾಣಸಿಗುವ ಕೃಷ್ಣಮೃಗಗಳೂ ಇದೇ ಪಾಠವನ್ನು ಹೇಳುತ್ತವೆ. ಗಂಡು ಕೃಷ್ಣಮೃಗವು ತನ್ನ ಪಾಲಿನ ಬಯಲಿನಲ್ಲಿ ಹಿಕ್ಕೆಯ ಗುಡ್ಡೆ ಹಾಕಿ, ಕಣ್ಣಿನ ಬಳಿಯ ಗ್ರಂಥಿಯಿಂದ ಒಸರುವ ದ್ರವವನ್ನು ಗಿಡದ ಕಡ್ಡಿಗಳಿಗೆ ಒರೆಸಿ, ಗಡಿಯನ್ನು ಗುರುತಿಸುತ್ತದೆ. ಆದರೆ ಮೃಗಕ್ಕೂ ಮನುಷ್ಯನಿಗೂ ಒಂದು ವ್ಯತ್ಯಾಸವಿದೆ. ಮೃಗವು ಕಾಯುವುದು ತನ್ನ ಕಾಲಿನ ಕೆಳಗಿನ ನೆಲವನ್ನು, ಅದೂ ತನ್ನ ಶಕ್ತಿ ಇರುವಷ್ಟು ದಿನ. ಮನುಷ್ಯನಾದರೋ ತಾನು ಎಂದೂ ಕಾಲಿಡದ ನೆಲಕ್ಕಾಗಿ, ತಾನು ಸತ್ತ ನಂತರದ ದಿನಗಳಿಗಾಗಿಯೂ ಕಾದಾಡಬಲ್ಲನು.

ಹೊಲದ ಬದುವಿನ ಲೆಕ್ಕವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬಿತ್ತನೆಯ ಮುಂಚೆ ನೆಲವನ್ನು ಹದಗೊಳಿಸುವಾಗ ರಂಟೆಯನ್ನು ಅರ್ಧ ಅಡಿ ಆಚೆಗೆ ಒತ್ತಿ ಹೊಡೆಯುವುದು ಈ ಸೀಮೆಯಲ್ಲಿ ಹಳೆಯ ವಿದ್ಯೆ. ಈಗ ಅದೇ ಕೆಲಸವನ್ನು ಟ್ರ್ಯಾಕ್ಟರು ಇನ್ನಷ್ಟು ಸಲೀಸಾಗಿ ಮಾಡುತ್ತದೆ. ಒಂದು ಎಕರೆಯ ಚೌಕಾಕಾರದ ಹೊಲದ ಒಂದು ಬದಿ ಸುಮಾರು 209 ಅಡಿ. ಅಷ್ಟುದ್ದಕ್ಕೂ ಅರ್ಧ ಅಡಿ ಒತ್ತಿದರೆ ದೊರೆಯುವ ನೆಲ 104 ಚದರ ಅಡಿ; ಒಂದು ಗುಂಟೆಗೆ 1,089 ಚದರ ಅಡಿಯಾದ್ದರಿಂದ ಇದು ಗುಂಟೆಯ ಹತ್ತನೆಯ ಒಂದು ಭಾಗವೂ ಆಗುವುದಿಲ್ಲ. ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿ ಬೆಳೆಯುತ್ತದೆಂದು ಹಿಡಿದರೆ, ಈ ಸಾಹಸದಿಂದ ವರ್ಷಕ್ಕೆ ಬರುವ ಲಾಭ ಒಂದು ಕಿಲೋ ತೊಗರಿ. ಈ ಒಂದು ಕಿಲೋ ತೊಗರಿಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ, ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರ ದಾರಿ ಕಾಯುತ್ತಾರೆ, ಅವರು ನೆಟ್ಟ ಕಲ್ಲನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಒಂದು ದಿನದ ಓಡಾಟದ ಬಸ್ಸಿನ ದುಡ್ಡಿನಲ್ಲಿ ಆ ತೊಗರಿಯನ್ನು ಕೊಳ್ಳಬಹುದಾಗಿತ್ತೆಂದು ಹೇಳಿದವರಿಗೆ ದೊರೆಯುವ ಉತ್ತರ ಒಂದೇ: "ತೊಗರಿಯ ಪ್ರಶ್ನೆ ಅಲ್ರಿ." ಆ ಮಾತು ನಿಜ. ಅದು ಎಂದೂ ತೊಗರಿಯ ಪ್ರಶ್ನೆಯಾಗಿರಲಿಲ್ಲ. ಪಾಂಡವರು ಐದು ಗ್ರಾಮಗಳನ್ನು ಕೇಳಿದಾಗ ಹಸ್ತಿನಾವತಿಯ ಬೊಕ್ಕಸಕ್ಕೂ ಅದರಿಂದ ಕೊರತೆಯಾಗುವಂತಿರಲಿಲ್ಲ.

ವಿಚಿತ್ರವೆಂದರೆ ದೊಡ್ಡ ಗಡಿಗಳನ್ನು ಜನಸಾಮಾನ್ಯರು ಇಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ ರಾಜ್ಯವು ಮೂರು ಪಾಲಾದಾಗ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಉದ್ಗೀರ, ನಿಲಂಗಾ, ಅಹಮದಪೂರ ತಾಲ್ಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಕ್ಕೆ ಸೇರಿದವು. ಬೀದರ, ಭಾಲ್ಕಿ, ಔರಾದಗಳು ಆಗಿನ ಮೈಸೂರು ರಾಜ್ಯಕ್ಕೆ ಬಂದವು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಕೊಟ್ಟ ಮೇಲೂ ಸರಕಾರಗಳ ನಡುವಿನ ವಾದ ನಿಂತಿಲ್ಲ. ಆದರೆ ಔರಾದಿನ ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳಲ್ಲಿ ಚೌಕಾಶಿ ನಡೆಯುತ್ತದೆ, ಗಡಿಯಾಚೆಯ ಊರಿಗೆ ಹೆಣ್ಣು ಕೊಡುವುದು ತರುವುದು ನಡೆದೇ ಇದೆ. ರಾಜ್ಯದ ಗಡಿಯನ್ನು ದಾಟಿ ನೆಂಟಸ್ತನ ಮಾಡುವವನು ಪಕ್ಕದ ಹೊಲದ ಬದುವನ್ನು ದಾಟಿ ಮಾತನಾಡಿಸಲಾರನು.

ಹಾಗಾದರೆ ಸರಳ ನಿಯಮವು ಇಷ್ಟೇಕೆ ಚುಚ್ಚುತ್ತದೆ? ಬಸವಣ್ಣನವರ ಏಳು ನಿಷೇಧಗಳ ವಚನವನ್ನು ಈ ಭಾಗದ ಮಠಗಳ ಶಾಲೆಗಳಲ್ಲಿ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಪಾಠವಾಗಿ ಬಲ್ಲನು. ಅದನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ. ಅದರಲ್ಲಿ ಹೇಳಿದ ಕಳವನ್ನೂ ಕೊಲೆಯನ್ನೂ ಬಹುಜನರು ಜೀವಮಾನವಿಡೀ ಮಾಡದೆ ಇದ್ದುಬಿಡುತ್ತಾರೆ. ಆದರೆ ತನ್ನನ್ನು ತಾನು ಹೊಗಳಿಕೊಳ್ಳಬಾರದೆಂಬ ಒಂದು ಸಣ್ಣ ನಿಷೇಧವಿದೆಯಲ್ಲ, ಅದನ್ನು ಬೆಳಗಿನಿಂದ ಸಂಜೆಯವರೆಗೆ ಮುರಿಯದೆ ಇರಬಲ್ಲವರು ಎಷ್ಟು ಮಂದಿ? ಕೊಲ್ಲಬಾರದೆಂಬ ನಿಯಮವು ಮನುಷ್ಯನಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಸಾಲಿನಲ್ಲಿ ನಿಲ್ಲು, ನಿನ್ನ ಪಾಲಿನಷ್ಟೇ ತೆಗೆದುಕೊ, ಎಲ್ಲರಿಗಿರುವ ಹೊತ್ತೇ ನಿನಗೂ ಎನ್ನುವ ನಿಯಮವು ಅವನು ಎಲ್ಲರಂಥವನೆಂದು ಮುಖಕ್ಕೆ ಹೇಳಿಬಿಡುತ್ತದೆ. ಶಿಕ್ಷೆಯನ್ನು ಸಹಿಸುವ ಅಹಂಕಾರ ಸಮಾನತೆಯನ್ನು ಸಹಿಸದು.

ಈ ಮಾತಿಗೆ ಬೀದರಿನ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಕಲಬುರ್ಗಿಯಲ್ಲಿ 1347ರಲ್ಲಿ ಆರಂಭವಾದ ಬಹಮನಿ ರಾಜ್ಯದ ರಾಜಧಾನಿಯು 15ನೆಯ ಶತಮಾನದ ಮೂರನೆಯ ದಶಕದಲ್ಲಿ ಬೀದರಿಗೆ ಬಂದಿತು. ಪರ್ಷಿಯಾದ ಗಿಲಾನ್ ಪ್ರಾಂತದ ಮಹಮೂದ ಗವಾನನು 1453ರ ಸುಮಾರಿಗೆ ಸಮುದ್ರಮಾರ್ಗವಾಗಿ ದಾಭೋಲ ಬಂದರಿಗೆ ಬಂದು, ಅಲ್ಲಿಂದ ವ್ಯಾಪಾರಿಯಾಗಿ ಬೀದರಿಗೆ ಬಂದನು. ಮೂರು ಮಂದಿ ಸುಲ್ತಾನರ ಕಾಲವನ್ನು ಕಂಡ ನಂತರ ಮೂರನೆಯ ಮಹಮ್ಮದನ ಆಳ್ವಿಕೆಯಲ್ಲಿ ಅವನು ಪ್ರಧಾನಮಂತ್ರಿಯಾದನು. 1472ರಲ್ಲಿ ಗೋವೆ ಅವನ ಕೈವಶವಾಯಿತು. ಅದೇ ಹೊತ್ತಿಗೆ ಬೀದರಿನ ಪ್ರಸಿದ್ಧ ಮದರಸಾ ಕಟ್ಟಡವೂ ಪೂರ್ಣಗೊಂಡಿತು. ಆ ಕಾಲದಲ್ಲಿ ಬೀದರಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿಟಿನ್, ಹಳ್ಳಿಯ ಜನ ಬಡತನದಲ್ಲಿ ನವೆಯುತ್ತಿರುವಾಗ ಸರದಾರರು ಅತಿಶಯ ವೈಭವದಲ್ಲಿ ಮೆರೆಯುತ್ತಿದ್ದರೆಂದು ಬರೆದಿಟ್ಟಿದ್ದಾನೆ.

ಆ ಸರದಾರರ ಬಲದ ಗುಟ್ಟು ರಾಜ್ಯದ ರಚನೆಯಲ್ಲಿತ್ತು. ಇಡೀ ರಾಜ್ಯವು ಕಲಬುರ್ಗಿ, ದೌಲತಾಬಾದ, ಬಿರಾರ, ತೆಲಂಗಾಣ ಎಂಬ ನಾಲ್ಕು ತರಫಗಳಾಗಿತ್ತು. ತರಫಿನ ಅಧಿಕಾರಿಯಾದ ತರಫದಾರನ ಕೈಯಲ್ಲಿಯೇ ಆ ಭಾಗದ ಎಲ್ಲ ಕೋಟೆಗಳೂ ಇದ್ದವು. ಸುಲ್ತಾನನ ಮೇಲೆ ಮುನಿಸು ಬಂದರೆ ಅವನು ಯಾವುದಾದರೂ ಕೋಟೆಯ ಬಾಗಿಲು ಹಾಕಿಕೊಂಡು ಕುಳಿತುಬಿಡಬಹುದಾಗಿತ್ತು. ಐದುನೂರು ಸೈನಿಕರಿಗೆಂದು ಹಣವನ್ನೋ ಜಹಗೀರನ್ನೋ ಪಡೆದವನು ಅಷ್ಟು ಸೈನಿಕರನ್ನು ನಿಜವಾಗಿ ಇಟ್ಟಿರುವನೇ ಎಂದು ಎಣಿಸುವವರೂ ಇರಲಿಲ್ಲ. ಗವಾನನು ಮಾಡಿದ ಸುಧಾರಣೆಗಳನ್ನು ಇತಿಹಾಸಕಾರರು ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಅವುಗಳ ತಿರುಳು ಮೂರನೆಯ ತರಗತಿಯ ಬಾಲಕನಿಗೂ ತಿಳಿಯುವಷ್ಟು ಸುಲಭ. ನಾಲ್ಕು ತರಫಗಳು ಎಂಟಾದವು. ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ. ಉಳಿದ ಕೋಟೆಗಳ ಅಧಿಕಾರಿಗಳನ್ನು ನೇಮಿಸುವುದೂ ಅವರಿಗೆ ಸಂಬಳ ಕೊಡುವುದೂ ರಾಜಧಾನಿಯ ಕೆಲಸ. ಪ್ರತಿಯೊಂದು ತರಫಿನಲ್ಲಿ ಕೆಲವು ಊರುಗಳ ಆದಾಯ ನೇರವಾಗಿ ಸುಲ್ತಾನನ ಬೊಕ್ಕಸಕ್ಕೆ. ಸೈನಿಕರಿಗಾಗಿ ಕೊಡುವ ಹಣವನ್ನು ಹೆಚ್ಚಿಸಲಾಯಿತು, ಆದರೆ ಎಣಿಕೆಯಲ್ಲಿ ಒಬ್ಬ ಸೈನಿಕ ಕಡಿಮೆಯಾದರೂ ಅವನ ಪಾಲಿನ ಹಣ ಕಡಿತ. ಈ ಕೊನೆಯ ನಿಯಮವು ಶಾಲೆಯ ಹಾಜರಿ ಪುಸ್ತಕದ ನಿಯಮವಲ್ಲದೆ ಬೇರೆಯಲ್ಲ.

ಇದರಿಂದ ಯಾರೂ ಬಡವರಾಗಲಿಲ್ಲ. ಪ್ರಾಮಾಣಿಕವಾಗಿ ಸೈನ್ಯವನ್ನು ಇಟ್ಟವನ ಆದಾಯ ಹೆಚ್ಚೇ ಆಯಿತು. ಬಿಜಾಪುರದ ತರಫನ್ನು ಗವಾನನು ತಾನೇ ವಹಿಸಿಕೊಂಡನು, ಆದರೆ ಉಳಿದ ತರಫಗಳನ್ನು ಹಂಚುವಾಗ ದಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಸಮನಾಗಿ ಸಿಗುವಂತೆ ಎಚ್ಚರವಹಿಸಿದನು. ಆದರೂ ಸರದಾರರಲ್ಲಿ ಹೊಗೆಯಾಡತೊಡಗಿತು. ವಿಶೇಷವಾಗಿ ದಖನಿ ಪಕ್ಷದ ಮುಖ್ಯನಾದ ಮಲಿಕ್ ಹಸನ್ ನಿಜಾಮುಲ್‌ಮುಲ್ಕನು ಇಡೀ ತೆಲಂಗಾಣ ತನ್ನದಾಗಬೇಕೆಂದು ಬಯಸಿದ್ದನು; ಅದು ಎರಡಾಗಿ ಅವನ ಪಾಲಿಗೆ ರಾಜಮಹೇಂದ್ರಿ ಮಾತ್ರ ಉಳಿಯಿತು, ವಾರಂಗಲ್ಲು ಇನ್ನೊಬ್ಬನಿಗೆ ಹೋಯಿತು. ರಾಜಮಹೇಂದ್ರಿಯೇನೂ ಸಣ್ಣ ಪ್ರದೇಶವಲ್ಲ. ಆದರೆ ವಾರಂಗಲ್ಲು ಇನ್ನೊಬ್ಬನದಾದ ದಿನದಿಂದ ಅದು ಅವನ ಕಣ್ಣಿಗೆ ಸಣ್ಣದಾಗಿ ಕಂಡಿತು. ಇನ್ನು ದಖನಿ ಆಫಾಕಿ ಎಂಬ ಭೇದವನ್ನು ನೋಡಿದರೆ ಬಸ್ಸಿನ ದಸ್ತಿಯೇ ನೆನಪಾಗುತ್ತದೆ. ದಖನಿಗಳಲ್ಲಿಯೂ ಅನೇಕರ ಪೂರ್ವಜರು ಒಂದು ಶತಮಾನದ ಹಿಂದೆ ಉತ್ತರದಿಂದ ಬಂದವರೇ. ಮೊದಲ ನಿಲ್ದಾಣದಲ್ಲಿ ಹತ್ತಿದವನು ಎರಡನೆಯ ನಿಲ್ದಾಣದಲ್ಲಿ ಹತ್ತಿದವನನ್ನು ಪರದೇಶಿಯೆಂದು ಕರೆಯುತ್ತಿದ್ದನು.

ಮುಂದಿನ ಕಥೆಯನ್ನು ಚರಿತ್ರಕಾರ ಫೆರಿಷ್ತಾ ವಿವರವಾಗಿ ಬರೆದಿದ್ದಾನೆ. ಪಿತೂರಿಗಾರರು ಗವಾನನ ಮುದ್ರೆಯನ್ನು ಇಟ್ಟುಕೊಂಡಿದ್ದ ಸೇವಕನನ್ನು ಒಲಿಸಿಕೊಂಡು ಬರಿಯ ಕಾಗದವೊಂದಕ್ಕೆ ಮುದ್ರೆ ಒತ್ತಿಸಿಕೊಂಡರು. ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಬೇಕೆಂದು ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಅದರ ಮೇಲೆ ಪತ್ರವನ್ನು ಸೃಷ್ಟಿಸಿದರು. ಸುಲ್ತಾನನು ಕುಡಿದ ಅಮಲಿನಲ್ಲಿದ್ದ ವೇಳೆಯನ್ನು ನೋಡಿ ಅದನ್ನು ಮುಂದಿಟ್ಟರು. ಗುಜರಾತಿಗೆ ತಪ್ಪಿಸಿಕೊಂಡು ಹೋಗುವಂತೆ ಹಿತೈಷಿಗಳು ಹೇಳಿದರೂ ಗವಾನನು ಕೇಳದೆ ಕರೆಗೆ ಓಗೊಟ್ಟು ಹೋದನು. ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂದಷ್ಟೇ ಅವನು ಹೇಳಿದನು. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಪಾಳೆಯದಲ್ಲಿ, ಎಪ್ಪತ್ತು ದಾಟಿದ ಆ ವೃದ್ಧನ ತಲೆಯನ್ನು ಕಡಿಯಲಾಯಿತು.

ಅವನ ಸಂಪತ್ತನ್ನು ವಶಪಡಿಸಿಕೊಳ್ಳಲು ಹೊರಟವರಿಗೆ ಕಾದಿದ್ದುದು ಎರಡು ಬೊಕ್ಕಸಗಳ ಲೆಕ್ಕ. ಒಂದು ರಾಜ್ಯದ ಸೇನೆಗಾಗಿ ಇಟ್ಟದ್ದು, ಇನ್ನೊಂದು ಬಡವರಿಗಾಗಿ ಇಟ್ಟದ್ದು. ತಾನು ಹುಟ್ಟುನಾಡಿನಿಂದ ತಂದ ಬಂಡವಾಳದ ವ್ಯಾಪಾರದಲ್ಲಿ ಬಂದ ಲಾಭದಿಂದಷ್ಟೇ ಅವನ ಸ್ವಂತ ಖರ್ಚು ನಡೆಯುತ್ತಿತ್ತು. ಚಾಪೆಯ ಮೇಲೆ ಮಲಗುತ್ತಿದ್ದನು, ಮಣ್ಣಿನ ಪಾತ್ರೆಗಳಲ್ಲಿ ಅವನ ಅಡುಗೆಯಾಗುತ್ತಿತ್ತು ಎಂದು ಅದೇ ಚರಿತ್ರಕಾರನು ಬರೆದಿದ್ದಾನೆ. ಒಬ್ಬನಿಗೆ ಒಂದೇ ಕೋಟೆಯೆಂದು ಹೇಳುವ ಅಧಿಕಾರ ಅವನಿಗೆ ಎಲ್ಲಿಂದ ಬಂದಿತ್ತೆಂಬುದನ್ನು ಈ ಚಾಪೆ ತಿಳಿಸುತ್ತದೆ. ಅವನ ಮೇಲೆ ಸರದಾರರಿಗೆ ಇದ್ದ ಸಿಟ್ಟಿಗೂ ಇದೇ ಕಾರಣವಿರಬಹುದು. ನಿಯಮವನ್ನು ಮಾಡಿದವನೇ ಅದನ್ನು ಮುರಿದರೆ ಉಳಿದವರಿಗೆ ಮುರಿಯಲು ನೆಪ ಸಿಗುತ್ತದೆ, ಗವಾನನು ಆ ನೆಪವನ್ನು ಕೂಡ ಕೊಡಲಿಲ್ಲ.

ಸುಲ್ತಾನನು ಮರುವರ್ಷವೇ ತೀರಿಕೊಂಡನು. ಸಿಂಹಾಸನಕ್ಕೆ ಬಂದವನು ಹನ್ನೆರಡರ ಬಾಲಕ. ಮಲಿಕ್ ಹಸನನು ಬಯಸಿದ ಅಧಿಕಾರವೆಲ್ಲ ಅವನ ಕೈಗೆ ಬಂದಿತು, ಕೆಲವೇ ವರ್ಷಗಳಲ್ಲಿ ಅವನು ಬೀದರಿನಲ್ಲಿಯೇ ಕೊಲೆಗೀಡಾದನು. 1490ರ ಸುಮಾರಿಗೆ ಅವನ ಮಗನು ಅಹಮದನಗರದಲ್ಲಿಯೂ, ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಆದಿಲಖಾನನು ಬಿಜಾಪುರದಲ್ಲಿಯೂ, ಫತೇಉಲ್ಲಾ ಇಮಾದುಲ್‌ಮುಲ್ಕನು ಬಿರಾರದಲ್ಲಿಯೂ ಸ್ವತಂತ್ರರಾದರು. ಗೋಲ್ಕೊಂಡವೂ ಅನಂತರ ಬೇರೆಯಾಯಿತು. ಬೀದರಿನಲ್ಲಿ ಉಳಿದ ಬಹಮನಿ ಸುಲ್ತಾನರು ಬರೀದ ಮನೆತನದ ಮಂತ್ರಿಗಳ ಕೈಗೊಂಬೆಗಳಾದರು. ಕಡೆಗೆ ಆ ಮಂತ್ರಿಗಳೇ ದೊರೆಗಳಾದರು. ಒಂದು ಕೋಟೆ ಸಾಲದೆಂದವರು ಒಂದು ರಾಜ್ಯವನ್ನು ಐದು ಮಾಡಿಕೊಂಡು ನೂರು ವರ್ಷಕ್ಕೂ ಮೇಲ್ಪಟ್ಟು ಪರಸ್ಪರ ಕಾದಾಡಿದರು. 1619ರಲ್ಲಿ ಬೀದರವು ಬಿಜಾಪುರದ ಪಾಲಾಯಿತು, 1657ರಲ್ಲಿ ಔರಂಗಜೇಬನ ಕೈಸೇರಿತು. ಗವಾನನ ಮದರಸಾವನ್ನು ಮೊಗಲರ ಕಾಲದಲ್ಲಿ ಸೈನಿಕರ ಬಿಡಾರಕ್ಕೂ ಮದ್ದಿನ ದಾಸ್ತಾನಿಗೂ ಬಳಸಿದರು. 1696ರ ಸುಮಾರಿಗೆ ಆ ಮದ್ದು ಸಿಡಿದು ಕಟ್ಟಡದ ಮುಂಭಾಗದ ಬಹುಪಾಲು ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಮಾತ್ರ ಇಂದಿಗೂ ನಿಂತಿದೆ, ಅದರ ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದಿವೆ. ಸುಲ್ತಾನರ ಗುಮ್ಮಟಗಳು ಅಷ್ಟೂರಿನಲ್ಲಿ ಸಾಲಾಗಿವೆ. ಗವಾನನ ಸಮಾಧಿ ಊರ ಹೊರಗೆ ಗೋರನಳ್ಳಿಯ ಬಳಿ ಇದೆ, ಅದಕ್ಕೆ ಅಂಥ ಗುಮ್ಮಟವಿಲ್ಲ.

ಸರದಾರರ ಕಥೆ ಕೇಳಿ ಮನಸ್ಸು ಕಹಿಯಾದವರಿಗೆ ಇದೇ ಜಿಲ್ಲೆಯ ಇನ್ನೊಂದು ಕಥೆಯನ್ನು ಹೇಳಬೇಕು. ಅದು ಐದು ಶತಮಾನಗಳ ನಂತರದ್ದು, ಕೋಟೆಯದಲ್ಲ, ಒಂದು ಫಲಕದ್ದು. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣದ ಭಾಷೆಯೂ ಕಚೇರಿಯ ಭಾಷೆಯೂ ಉರ್ದು ಆಗಿತ್ತು. ಕನ್ನಡ ಶಾಲೆಗೆ ಎಡೆ ದೊರೆಯುವುದು ದುಸ್ತರವಾಗಿತ್ತು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಈ ಸಂಗತಿಯನ್ನು ಅವರ ಜಾಣ್ಮೆಗೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ಅದರಲ್ಲಿ ಜಾಣ್ಮೆಗಿಂತ ಅಪರೂಪವಾದ ಇನ್ನೊಂದು ಗುಣವಿದೆ. ಸಂಸ್ಥೆಯನ್ನು ಕಟ್ಟಿದವನಿಗೆ ಫಲಕಕ್ಕಿಂತ ಪ್ರಿಯವಾದ ವಸ್ತು ಬೇರೊಂದಿಲ್ಲ. ಕೊಠಡಿಗೆ ಮಾಡು ಹಾಕುವುದು ತಡವಾದರೂ ಫಲಕ ಮೊದಲು ಏಳುತ್ತದೆ. ದಾನಿಗಳ ಹೆಸರಿನ ಕಲ್ಲಿನಲ್ಲಿ ಒಂದು ಅಕ್ಷರ ಸಣ್ಣದಾದರೂ ಮನಸ್ತಾಪ ಬರುತ್ತದೆ. ಊರಿಗೆ ಕಾಣುವ ಬದಿಯನ್ನು ಬೇರೆಯವರ ಭಾಷೆಗೆ ಬಿಟ್ಟುಕೊಟ್ಟು, ಯಾರಿಗೂ ಕಾಣದ ಬದಿಯಲ್ಲಿ ತನ್ನ ಕೆಲಸವನ್ನು ನಡೆಸುವುದು ಸ್ವಾಭಿಮಾನವಿಲ್ಲದವರಿಂದ ಆಗದು, ಅಹಂಕಾರವಿದ್ದವರಿಂದಲೂ ಆಗದು. ದಾರಿಯಲ್ಲಿ ಹೋಗುವ ಅಧಿಕಾರಿಯು ಫಲಕವನ್ನು ಓದಿಕೊಂಡು ತೃಪ್ತನಾಗಿ ಮುಂದೆ ಹೋಗುತ್ತಿದ್ದನು. ಗೋಡೆಯ ಆಚೆ, ಚಾಪೆಯ ಮೇಲೆ ಸಾಲಾಗಿ ಕುಳಿತ ಹುಡುಗರು ಪಾಟಿಯ ಮೇಲೆ ಅ ಆ ಇ ಈ ತಿದ್ದುತ್ತಿದ್ದರು.